ಕಂಬಿಯಿಲ್ಲದ ಗುಡ್ಡ

ಶವವಾಹನ ಕಟ್ಟಡದ ಗೇಟಿನೊಳಗೆ ಹಿಂದೆ ಹಿಂದೆ ಬರುತ್ತಿರುವಾಗಲೇ ಮಲ್ಲಿಕಾ ಅದರ ಕಿಟಕಿಯ ಕಂಬಿಗಳ ನಡುವಿನಿಂದ ತಮ್ಮ ಕರವಸ್ತ್ರವನ್ನು ಒಳಗೆ ಎಸೆದರು. ನೀಲಿ ಅಂಚಿನ ಕರವಸ್ತ್ರ ಬೆಂಚಿನ ಮೇಲೆ ಹೋಗಿ ಬಿತ್ತು. ಗಾಡಿ ಪೂರ್ತಿ ನಿಲ್ಲುವ ಮೊದಲು ಸರಳಾ ಅವರದೂ ಬಿತ್ತು, ಉಮಾವತಿಯವರದೂ ಬಿತ್ತು. ಡ್ರೈವರ್ ಸಂದೇಶ ಕನ್ನಡಿಯಲ್ಲಿ ಇದನ್ನು ನೋಡಿ ಬ್ರೇಕ್ ಒತ್ತಿ ತಲೆ ಹೊರಗೆ ಹಾಕಿದ.

"ಓ ಮಾವಶಿ, ಹೀ ಲೋಕಲ್ ನಾಹೀ!"

"ಮಾಹಿತ್ ಆಹೇ ಬಾಳಾ," ಎಂದು ಮಲ್ಲಿಕಾ ಅವನದೇ ಮರಾಠಿಯಲ್ಲಿ, ಇದು ಲೋಕಲ್ ಅಲ್ಲವೆಂದು ತಮಗೂ ಗೊತ್ತು ಎಂದರು. "ತೂ ಗಾಡಿ ಲಾವ್."

ಮುಂಬಯಿ ಪಕ್ಕದ ಠಾಣೆಯಲ್ಲಿ ಲೋಕಲ್ ರೈಲು ಹಿಡಿದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಪ್ಲಾಟ್‌ಫಾರ್ಮಿಗೆ ಬರುವಾಗ ಕಿಟಕಿಯಿಂದ ಕರವಸ್ತ್ರ ಎಸೆದರೆ ಆ ಸೀಟು ಎಸೆದವರದು. ರೈಲ್ವೆಯ ಯಾವ ಕಾನೂನಿನಲ್ಲೂ ಇದು ಇಲ್ಲ. ಆದರೂ ಇನ್ನೊಬ್ಬರ ಕರವಸ್ತ್ರ ಸರಿಸಿ ಕೂತವಳು ಬೇಲಾಪುರದವರೆಗೆ ಇಡೀ ಲೇಡೀಸ್ ಡಬ್ಬಿಯ ಬಾಯಿಗೆ ಸಿಕ್ಕಿಕೊಂಡೇ ಹೋಗಬೇಕು. ಈ ಮೂವರು ಮತ್ತು ಸತ್ಯಭಾಮಾ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಜಾಗ ಹಿಡಿದವರು.

ಇವತ್ತು ಸತ್ಯಭಾಮಾ ಮೂರನೆಯ ಮಹಡಿಯ ಮನೆಯಲ್ಲಿ ಹಸಿರು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಚಾಪೆಯ ಮೇಲೆ ಮಲಗಿದ್ದರು. ಸೋಮವಾರ ಸಂಜೆ ತರಕಾರಿ ತಂದಿಟ್ಟು ಎದೆ ಹಿಡಿದುಕೊಂಡು ಕೂತವರು ಮಂಗಳವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ನೋಡಲು ಬಂದ ಹೆಂಗಸರು ಕುಂಕುಮ ಇಟ್ಟು, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಹೇಳಿ ಹೋಗುತ್ತಿದ್ದರು. ಶನಿವಾರ ಮಾಳ್ಶೇಜ್ ಘಾಟಿಗೆ ಹೊರಡಬೇಕಿದ್ದವಳು ಬುಧವಾರ ಸ್ಮಶಾನಕ್ಕೆ ಹೊರಟರೆ ಅದರಲ್ಲಿ ಪುಣ್ಯ ಎಲ್ಲಿಂದ ಬಂತು ಎಂದು ಮಲ್ಲಿಕಾ ಅವರಿಗೆ ತಿಳಿಯಲಿಲ್ಲ. ಬೆಳಗ್ಗಿನಿಂದ ಅವರಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಮೆಟ್ಟಿಲಿಳಿದು ಬಂದ ಹರಿಶ್ಚಂದ್ರರು ಸತ್ಯಭಾಮಾರ ಗಂಡ ಮೋಹನದಾಸರ ಅಣ್ಣ. ಸಾವಿನ ಮನೆಯಲ್ಲಿ ಅವರಷ್ಟು ಉಪಯೋಗಕ್ಕೆ ಬರುವ ಮನುಷ್ಯ ಇಡೀ ಡೊಂಬಿವಲಿಯಲ್ಲಿ ಇಲ್ಲ. ಡಾಕ್ಟರ ಸರ್ಟಿಫಿಕೇಟು, ಗಾಡಿ, ಭಟ್ಟರು, ಕಟ್ಟಿಗೆ, ಊರಿಗೆ ಫೋನು, ಕನ್ನಡ ಸಂಘದ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಸಮೇತ ಸುದ್ದಿ, ಎಲ್ಲವನ್ನೂ ಬೆಳಗಾಗುವುದರೊಳಗೆ ಮುಗಿಸಿದ್ದರು. ಅಪ್ಪ ಇಟ್ಟ ಹೆಸರಿಗೆ ಸರಿಯಾಗಿ ಸ್ಮಶಾನದ ಕೆಲಸ ಕಲಿತಿದ್ದಾರೆ ಎಂದು ಸಂಘದಲ್ಲಿ ಅವರ ಬೆನ್ನ ಹಿಂದೆ ತಮಾಷೆ ಮಾಡುವುದುಂಟು. ಬೆಂಚಿನ ಮೇಲಿನ ಮೂರು ಕರವಸ್ತ್ರಗಳನ್ನು ನೋಡಿ ಅವರು ನಿಂತುಬಿಟ್ಟರು.

"ಇದೆಂತ ಇದು? ಯಾರ ಕರ್ಚೀಪು?"

"ನಮ್ಮವ್ರೀ," ಎಂದರು ಮಲ್ಲಿಕಾ. ಅವರು ಧಾರವಾಡದ ಕಡೆಯವರು; ಮುಂಬಯಿಯ ಯಾವ ನೀರೂ ಅವರ ಮಾತನ್ನು ತೆಳ್ಳಗೆ ಮಾಡಿರಲಿಲ್ಲ. "ಮೂರು ಸೀಟ್ ಹಿಡದೀವಿ."

"ಹೆಂಗಸರು ಅಲ್ಲಿಗೆ ಬರುವ ಕ್ರಮ ನಮ್ಮಲ್ಲಿ ಇಲ್ಲ ಅಮ್ಮ. ನೀವು ಮೇಲೆ ಕೂತ್ಕೊಳ್ಳಿ. ನಾವು ಬರುವಾಗ ನೆಲ ತೊಳೆದು, ಬಿಸಿನೀರು ಕಾಯಿಸಿ ಇಡ್ಲಿಕ್ಕೆ ಜನ ಬೇಕಲ್ಲ."

"ನಿಮ್ಮಲ್ಲಿ ಇಲ್ಲದಿರಬಹುದ್ರೀ. ನಮ್ಮ ಗ್ರೂಪಿನ್ಯಾಗ ಒಬ್ಬಾಕಿನ್ನ ಬಿಟ್ಟು ಇಳಿಯೋ ಪದ್ಧತಿ ಇಲ್ಲ. ಆಕೀ ಯಾವತ್ತರ ಒಬ್ಬಾಕೀನ ಹೋಗ್ಯಾಳೇನು? ಇವತ್ತೂ ಹೋಗಂಗಿಲ್ಲ."

ಹರಿಶ್ಚಂದ್ರರು ತಮ್ಮನ ಮುಖ ನೋಡಿದರು. ಮೋಹನದಾಸರು ಒದ್ದೆ ಪಂಚೆಯಲ್ಲಿ ಮೆಟ್ಟಿಲ ಹತ್ತಿರ ನಿಂತಿದ್ದರು. "ನೋಡುವ ಅಣ್ಣ," ಎಂದರು. ಮೋಹನದಾಸರ ಬಾಯಲ್ಲಿ ಈ ಮಾತು ಬಂದರೆ ಆ ಕೆಲಸ ಅಲ್ಲಿಗೆ ನಿಂತಿತು ಎಂದು ಮನೆಯವರಿಗೆಲ್ಲ ಗೊತ್ತು. ಈ ಸಲ ಯಾವ ಕೆಲಸ ನಿಲ್ಲಬೇಕು, ಹೆಂಗಸರು ಹತ್ತುವುದೋ ಅಣ್ಣ ತಡೆಯುವುದೋ, ಯಾರಿಗೂ ಸ್ಪಷ್ಟವಾಗಲಿಲ್ಲ.

ಅಷ್ಟರಲ್ಲಿ ಮಗಳು ನಿಕಿತಾ ಕೆಳಗೆ ಬಂದಳು. ಮಹಾಪೆಯ ಕಂಪೆನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ಒಬ್ಬಳೇ ಮಗಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಕನ್ನಡ ಬರುತ್ತದೆ, ಆದರೆ ಸಿಟ್ಟು ಬಂದಾಗ ಹಿಂದಿಯೇ ಮೊದಲು ಬರುತ್ತದೆ.

"ದೊಡ್ಡಪ್ಪ, ಆಂಟೀ ಲೋಗ್ ಆಯೇಂಗೇ. ಮೈ ಭೀ ಆವೂಂಗೀ. ಬಸ್." ಆಂಟಿಯವರ ಜೊತೆ ತಾನೂ ಬರುವವಳೇ, ಅಷ್ಟೇ.

ಸತ್ತವಳನ್ನು ಕೆಳಗೆ ತಂದು ಗಾಡಿಯ ನಡುವಿನ ಸ್ಟೀಲಿನ ಹಲಗೆಯ ಮೇಲೆ ಮಲಗಿಸಿದರು. ಎದುರು ಬೆಂಚಿನಲ್ಲಿ ಹರಿಶ್ಚಂದ್ರರು, ಭಟ್ಟರು, ಸಂಘದ ಇಬ್ಬರು ಒತ್ತಿಕೊಂಡು ಕೂತರು. ನಿಕಿತಾ ಡ್ರೈವರನ ಪಕ್ಕಕ್ಕೆ ಹೋದಳು. ಇತ್ತ ಮೂವರು ಹೆಂಗಸರು ತಮ್ಮ ತಮ್ಮ ಕರವಸ್ತ್ರ ಎತ್ತಿಕೊಂಡು ಕೂತರು. ಕೊನೆಯಲ್ಲಿ ಹತ್ತಿದ ಮೋಹನದಾಸರಿಗೆ ಜಾಗವೇ ಇರಲಿಲ್ಲ. ಬಗ್ಗಿಕೊಂಡು, ಹೆಂಡತಿಯ ಕಾಲಿನ ಹತ್ತಿರ ನಿಂತುಕೊಂಡರು.

"ಅಣ್ಣಾರ, ಕುಂದರ್ರಿ. ಫೋರ್ಥ್ ಸೀಟ್ ಐತಿ," ಎಂದು ಮಲ್ಲಿಕಾ ಬೆಂಚಿನ ತುದಿ ತಟ್ಟಿದರು. ಮೂವರೂ ಒಟ್ಟಿಗೆ, ಹೇಳಿಕೊಟ್ಟ ಹಾಗೆ, ಒಂದಿಷ್ಟು ಸರಿದರು.

"ಹಾಗೆಂದರೆ?"

ಸರಳಾ ಮೈಸೂರಿನವರು, ಇಂಥ ಹೊತ್ತಿನಲ್ಲೂ ಮೆತ್ತಗೆ ಹೇಳುವವರು. "ಮೂರು ಜನದ ಸೀಟಲ್ಲಿ ನಾಲ್ಕನೆಯವರು ಅರ್ಧ ಕೂರೋದು ಕಣ್ರೀ. ಒಂದು ಕಾಲು ಹೊರಗಡೆ ಇರುತ್ತೆ. ನಿಮಗೆ ಗೊತ್ತಿಲ್ವ?"

ಗೊತ್ತಿರಲಿಲ್ಲ. ಮೋಹನದಾಸರು ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದಷ್ಟೂ ಕಾಲ ಬೆಳಗ್ಗಿನ ಮೊದಲ ಲೋಕಲಿಗೆ ಹೋಗಿ ರಾತ್ರಿಯ ಕೊನೆಯದರಲ್ಲಿ ಬಂದವರು. ಎರಡರಲ್ಲೂ ಕಾಲು ಚಾಚಿ ಮಲಗುವಷ್ಟು ಜಾಗ ಇರುತ್ತಿತ್ತು. ಅವರು ಬೆಂಚಿನ ತುದಿಗೆ ಅರ್ಧ ಸೊಂಟ ಆನಿಸಿದರು.

"ಬೀಳುವುದಿಲ್ಲವಾ?"

"ಇಷ್ಟು ವರ್ಷದಾಗ ಯಾರೂ ಬಿದ್ದಿಲ್ರೀ," ಎಂದರು ಮಲ್ಲಿಕಾ.

*

ಠಾಣೆಯಿಂದ ಪನ್ವೇಲ್ ಕಡೆಗೆ ಹೋಗುವ ಲೋಕಲಿನಲ್ಲಿ ಐರೋಲಿ ಬರುವ ಮೊದಲೇ ಎಡಗಡೆ ಗುಡ್ಡ ಕಾಣಿಸಿಕೊಳ್ಳುತ್ತದೆ. ಮುಂಬ್ರಾದ ಬೆನ್ನಿಂದ ಹೊರಟು, ಮಹಾಪೆಯ ಕಾರ್ಖಾನೆಗಳ ಹಿಂದಿನಿಂದ ಹಾದು ಅದು ಬೇಲಾಪುರದವರೆಗೂ ಗಾಡಿಯ ಜೊತೆಗೆ ಬರುತ್ತದೆ. ಎತ್ತರವೇನೂ ಅಲ್ಲ. ಅಲ್ಲಲ್ಲಿ ಜಲ್ಲಿ ಕ್ವಾರಿಯವರು ಕಚ್ಚಿ ತಿಂದಿದ್ದಾರೆ. ಆದರೂ ಮಳೆ ಬಿದ್ದ ವಾರದಲ್ಲಿ ನಾಚಿಕೆಯಿಲ್ಲದಷ್ಟು ಹಸಿರಾಗಿ, ಬಿಳಿಯ ನೀರಿನ ಗೆರೆಗಳನ್ನು ಇಳಿಬಿಟ್ಟುಕೊಂಡು ನಿಲ್ಲುತ್ತದೆ.

ಸತ್ಯಭಾಮಾ ಬೇಲಾಪುರದ ಸರಕಾರಿ ಕಚೇರಿಯಲ್ಲಿ ಟಪಾಲು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುತ್ತಿದ್ದರು. ಉಮಾವತಿ ಘಣಸೋಲಿಯಲ್ಲಿ, ಮಲ್ಲಿಕಾ ವಾಶಿಗೆ ಗಾಡಿ ಬದಲಿಸುವ ಸ್ಟೇಷನ್ನಿನಲ್ಲಿ, ಸರಳಾ ನೆರೂಳಿನಲ್ಲಿ ಇಳಿಯುವವರು. ಕಿಟಕಿ ಸೀಟು ಪಾಳಿಯ ಪ್ರಕಾರ, ಫೋರ್ಥ್ ಸೀಟೂ ಪಾಳಿಯ ಪ್ರಕಾರ. ಆದರೆ ಎಡಗಡೆಯ ಕಿಟಕಿ ಸಿಕ್ಕಿದ ದಿನ ಸತ್ಯಭಾಮಾ ಯಾರ ಪಾಳಿಯನ್ನೂ ಕೇಳುತ್ತಿರಲಿಲ್ಲ. ಇತರ ದಿನ ಯಾರು ಏನು ಹೇಳಿದರೂ ಆಯಿತು ಎನ್ನುವ ಹೆಂಗಸು ಆ ಒಂದು ವಿಷಯಕ್ಕೆ ಜಗಳಕ್ಕೇ ನಿಲ್ಲುತ್ತಿದ್ದರು. ಮೊಬೈಲನ್ನು ಕಂಬಿಗೆ ಒತ್ತಿಹಿಡಿದು ಫೋಟೊ ತೆಗೆಯುತ್ತಿದ್ದರು. ಗಾಡಿ ಕುಲುಕಿದಾಗ ಗುಡ್ಡ ಅರ್ಧ ಬಂದು, ಕಂಬಿ ಪೂರ್ತಿ ಬರುತ್ತಿತ್ತು.

"ಎಲ್ಲಾ ಫೋಟೊದಾಗೂ ಕಂಬೀನ ಬಂದಾವಲ್ಲ," ಎಂದು ಮಲ್ಲಿಕಾ ನಕ್ಕಿದ್ದರು.

"ಹೌದು ಮಾರಾಯ್ತಿ. ನನ್ನ ಗುಡ್ಡ ಜೈಲಿನಲ್ಲಿ ಉಂಟು."

"ಗುಡ್ಡ ಎಂತಕ್ಕೆ ಜೈಲಿನಲ್ಲಿ ಇರ್ತದೆ? ಇರುದು ನಾವು," ಎಂದು ಉಮಾವತಿ ಹೇಳಿ, ಘಣಸೋಲಿ ಬಂತೆಂದು ಎದ್ದುಹೋಗಿದ್ದರು. ಉಮಾವತಿ ದಿನಕ್ಕೆ ಒಂದೋ ಎರಡೋ ಮಾತಾಡುವವರು.

ನಿವೃತ್ತಿಯಾದ ಮೇಲೆ ಸತ್ಯಭಾಮಾ ನಿಜವಾದ ಕ್ಯಾಮೆರಾ ತೆಗೆದುಕೊಂಡರು. ಬಾಲ್ಕನಿಯಲ್ಲಿ ನಿಂತು ಪ್ರಯತ್ನಿಸಿದರೆ ಬಾಲ್ಕನಿಗೂ ಗ್ರಿಲ್. ಟೆರೇಸಿಗೆ ಹೋಗೋಣವೆಂದರೆ ಸೊಸೈಟಿಯ ಸೆಕ್ರೆಟರಿ ಬೀಗ ಹಾಕಿಸಿ, ಕೀಲಿಯನ್ನು ಹೆಂಡತಿಯ ಮಂಗಳಸೂತ್ರಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದ. ಡೊಂಬಿವಲಿಯಲ್ಲಿ ಮನುಷ್ಯ ಕಂಬಿಯಿಲ್ಲದೆ ಹೊರಗೆ ನೋಡುವುದಕ್ಕೆ ಜಾಗವೇ ಇಲ್ಲ ಎಂದು ಅವರಿಗೆ ಆಗ ಗೊತ್ತಾಯಿತು. ನನಗೆ ಒಂದು ಫೋಟೊ ಬೇಕು, ಒಂದೇ ಒಂದು, ಕಂಬಿಯಿಲ್ಲದ ಗುಡ್ಡದ್ದು, ಎಂದು ಅವರು ಹೇಳಿದ್ದು ಆಗಲೇ. ಕಲ್ಯಾಣ ದಾಟಿ, ಮುರ್ಬಾಡ್ ದಾಟಿ ಮಾಳ್ಶೇಜ್ ಘಾಟಿಗೆ ಹೋಗುವುದೆಂದು ನಿಶ್ಚಯವಾಯಿತು.

"ಬಸ್ಸಲ್ಲಿ ಹೋಗಿಬರಬಹುದಲ್ವ?" ಎಂದು ಸರಳಾ ಕೇಳಿದರು.

"ಬಸ್ಸಿಗೂ ಕಂಬಿ ಉಂಟು. ಮತ್ತೆ ಬಸ್ಸು ನಾವು ಹೇಳಿದಲ್ಲಿ ನಿಲ್ತದಾ? ನನಗೆ ನಿಲ್ಸು ಅಂದ್ರೆ ನಿಲ್ಲುವ ಗಾಡಿ ಬೇಕು."

ನಿಲ್ಲಿಸು ಎಂದರೆ ನಿಲ್ಲುವ ಗಾಡಿಯೆಂದರೆ ನಿಕಿತಾಳ ಪುಟ್ಟ ಕಾರು. ನಿಕಿತಾ ಓಡಿಸುವುದು, ಸತ್ಯಭಾಮಾ ಮುಂದೆ ಎಡಗಡೆ, ಹಿಂದೆ ಮೂವರು. ಮುಂದಿನ ಸೀಟಿಗೆ ಪಾಳಿ ಇಲ್ಲ ಎಂದು ನಾಲ್ವರೂ ಒಪ್ಪಿದರು. ಆಮೇಲೆ ಬೇರೆ ಚರ್ಚೆಗಳು. ಉಮಾವತಿಯವರಿಗೆ ಮೊಸರನ್ನ ಬೇಕು. ಮಲ್ಲಿಕಾ ರೊಟ್ಟಿ ಕಟ್ಟಿಕೊಂಡು ಬರುವವರು, ದಾರಿಯಲ್ಲಿ ವಡಾಪಾವ್ ಸಿಗುತ್ತದೆ ಎಂದರೆ ಅದನ್ನು ಇಲ್ಲೇ ತಿನ್ನುವುದಿಲ್ಲವೇ ಎನ್ನುವವರು. ಸರಳಾ ಅವರ ಪ್ರಶ್ನೆ ಒಂದೇ: ಟಾಯ್ಲೆಟ್ ಎಲ್ಲಿ? ಗಂಡಸರು ಪ್ರವಾಸದ ಯೋಜನೆ ಹಾಕುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಹೆಂಗಸರು ಮೊದಲು ಇದನ್ನೇ ಕೇಳುತ್ತಾರೆ. ಸತ್ಯಭಾಮಾ ಮುರ್ಬಾಡ್ ರಸ್ತೆಯ ಢಾಬಾಗಳಿಗೆ ಒಂದೊಂದಾಗಿ ಫೋನು ಮಾಡಿ, ತಮ್ಮ ಕಚೇರಿಯ ಮರಾಠಿಯಲ್ಲಿ, ನಿಮ್ಮಲ್ಲಿ ನೀರು ಬರುತ್ತದೆಯೇ, ಚಿಲಕ ಸರಿ ಇದೆಯೇ ಎಂದು ವಿಚಾರಿಸಿದರು. ಒಬ್ಬ ಢಾಬಾದವನು ಇವರು ಸರಕಾರದಿಂದ ತಪಾಸಣೆಗೆ ಬರುವವರೆಂದು ತಿಳಿದು ಹೊಸ ಚಿಲಕವನ್ನೇ ಹಾಕಿಸಿದನಂತೆ.

*

ಶವವಾಹನ ಕಲ್ಯಾಣ ಶೀಲ್ ರಸ್ತೆಗೆ ತಿರುಗುವಾಗ ಮಳೆ ನಿಂತಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಮೋಹನದಾಸರು ಮುಂದಕ್ಕೆ ಜಾರುತ್ತಿದ್ದರು, ಉಮಾವತಿ ಅವರ ಶಾಲಿನ ತುದಿಯನ್ನು ಹಿಡಿದುಕೊಂಡಿದ್ದರು. ಎದುರು ಕೂತವರ ತಲೆಗಳ ನಡುವೆ, ಕಂಬಿಗಳ ಆಚೆ, ದೂರದಲ್ಲಿ ಕಪ್ಪಗೆ ಒಂದು ಬೆಟ್ಟ ಎದ್ದು ನಿಂತಿತ್ತು. ತುದಿಗೆ ಮೋಡ ಸಿಕ್ಕಿಹಾಕಿಕೊಂಡಿತ್ತು.

"ಇದಾ?" ಎಂದು ಮೋಹನದಾಸರು ಕೇಳಿದರು.

"ಅಲ್ಲ, ಇದು ಮಲಂಗಗಡ," ಎಂದರು ಸರಳಾ. "ಮಾಳ್ಶೇಜ್ ಇನ್ನೂ ಬಹಳ ದೂರ."

"ಇದು ಯಾವಾಗಲೂ ಇಲ್ಲಿಯೇ ಇತ್ತಾ?"

ಯಾರೂ ನಗಲಿಲ್ಲ. ಮೋಹನದಾಸರು ಕಂಬಿಯ ಒಂದು ಸಂದಿಗೆ ಕಣ್ಣು ಹೊಂದಿಸಲು ಕತ್ತು ಓರೆ ಮಾಡಿದರು, ಗಾಡಿ ಕುಲುಕಿ ಸಂದಿ ತಪ್ಪಿತು. ಮತ್ತೆ ಹೊಂದಿಸಿದರು, ಮತ್ತೆ ತಪ್ಪಿತು. ಆಮೇಲೆ ಹೆಂಡತಿಯ ಮುಖ ನೋಡಿದರು. ಗಾಡಿ ಕುಲುಕಿದ್ದಕ್ಕೆ ಮಲ್ಲಿಗೆಯ ದಂಡೆ ಹಣೆಗೆ ಜಾರಿತ್ತು. ಅದನ್ನು ಸರಿಮಾಡಿದರು. ಅವರಿಗೆ ಆಗ ತುಂಬಾ ದುಃಖವಾಯಿತು, ಬೆಳಗ್ಗಿನಿಂದ ಆಗಿರದಷ್ಟು.

ಸ್ಮಶಾನದಲ್ಲಿ ಹೆಂಗಸರನ್ನು ನೋಡಿ ಭಟ್ಟರು ಹರಿಶ್ಚಂದ್ರರ ಕಡೆ ನೋಡಿದರು, ಹರಿಶ್ಚಂದ್ರರು ಬೇರೆ ಕಡೆ ನೋಡಿದರು. ಮೂವರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ತಗಡಿನ ಮಾಡಿನ ಕೆಳಗೆ ನಿಂತರು. ಅಲ್ಲಿ ಕೆಲಸ ಮಾಡುವವರು ಅವರನ್ನು ತಿರುಗಿಯೂ ನೋಡಲಿಲ್ಲ. ಅವರಿಗೆ ಗಂಡಸೂ ಒಂದೇ, ಹೆಂಗಸೂ ಒಂದೇ, ಕಟ್ಟಿಗೆ ಒದ್ದೆಯಾಗದಿದ್ದರೆ ಸಾಕು. ಮೋಹನದಾಸರು ಕೊಳ್ಳಿ ಇಟ್ಟರು. ಬೆಂಕಿ ಹತ್ತಿದಾಗ ಸರಳಾ ಮುಖ ಮುಚ್ಚಿಕೊಂಡರು. ಮಲ್ಲಿಕಾ ಕಣ್ಣು ಬಿಟ್ಟುಕೊಂಡೇ ನಿಂತು, ನೋಡಿಯೇ ತೀರುತ್ತೇನೆ ಎಂಬಂತೆ ನೋಡಿದರು.

ಹರಿಶ್ಚಂದ್ರರು ಮುಂದಿನ ಕೆಲಸಗಳನ್ನು ಜೋಡಿಸಲು ಶುರುಮಾಡಿದರು. ಕೆಲಸದ ನಡುವೆ ನಿಂತರೆ ಅವರಿಗೂ ಅಳು ಬರುತ್ತಿತ್ತೇನೋ. ಬೂದಿ ನಾಳೆ ಬೆಳಗ್ಗೆ ತೆಗೆದು ಹತ್ತಿರದ ಖಾಡಿಯ ನೀರಿನಲ್ಲಿ ಬಿಡುವುದು, ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಳ್ಳುವುದು ಎಂದೆಲ್ಲ ಹೇಳಿ, ಕೊನೆಗೆ ನಿಕಿತಾಳ ಹತ್ತಿರ ಬಂದರು.

"ಮಗಾ, ಶನಿವಾರ ಬೆಳಿಗ್ಗೆ ನಿನ್ನ ಗಾಡಿ ಬೇಕು. ಊರಿಂದ ಅತ್ತೆಯವರೆಲ್ಲ ರೈಲಿನಲ್ಲಿ ಪನ್ವೇಲಿಗೆ ಬಂದು ಇಳೀತಾರೆ. ಕರ್ಕೊಂಡು ಬರ್ಬೇಕು."

"ಶನಿವಾರ ನಹೀ, ದೊಡ್ಡಪ್ಪ. ಶನಿವಾರ ನಾವು ಮಾಳ್ಶೇಜಿಗೆ ಹೋಗ್ತೇವೆ."

"ಎಂತ?"

"ಕ್ಯಾನ್ಸಲ್ ನಹೀ ಕಿಯಾ ಹೈ."

ಹರಿಶ್ಚಂದ್ರರ ಮುಖ ಕೆಂಪಾಯಿತು. "ತಾಯಿಯ ಚಿತೆ ಇನ್ನೂ ಉರೀತಾ ಉಂಟು. ನಿನಗೆ ಟ್ರಿಪ್ಪಾ? ಸೂತಕದಲ್ಲಿ ಯಾರಾದರೂ ಗುಡ್ಡ ನೋಡ್ಲಿಕ್ಕೆ ಹೋಗ್ತಾರಾ?"

"ಟ್ರಿಪ್ ಮೇರಾ ನಹೀ ಹೈ! ಮಮ್ಮೀ ಕಾ ಹೈ!" ನಿಕಿತಾ ಎಷ್ಟು ಜೋರಾಗಿ ಕೂಗಿದಳೆಂದರೆ ಆಚೆ ಕಟ್ಟೆಯ ಮೇಲೆ ಇನ್ನೊಂದು ಸಾವಿನವರು 'ಏನಾಯಿತು' ಎಂದು ತಿರುಗಿ ನೋಡಿದರು. "ಪ್ರತೀ ಸಲ ಯಾರಾದ್ರೂ ಬರ್ತಾರೆ, ಮಮ್ಮಿ ಕ್ಯಾನ್ಸಲ್ ಮಾಡ್ತಾಳೆ. ಈಗ ಅವಳು ಸತ್ತ ಮೇಲೂ ಅವಳೇ ಕ್ಯಾನ್ಸಲ್ ಮಾಡ್ಬೇಕಾ?"

"ಮೋಹನಾ, ನೀನಾದರೂ ಹೇಳು ಇವಳಿಗೆ."

ಮೋಹನದಾಸರು ಬೆಂಕಿಯನ್ನೇ ನೋಡುತ್ತಿದ್ದರು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಅದೇ ಮಾತು. "ನೋಡುವ."

"ಪಪ್ಪಾ, ಪ್ಲೀಸ್," ಎಂದಳು ನಿಕಿತಾ. ಈಗ ಅವಳು ಅಳುತ್ತಿದ್ದಳು. "ಇವತ್ತು ಆ ಶಬ್ದ ಬೇಡ."

*

ಆ ಶಬ್ದವನ್ನು ಮೋಹನದಾಸರು ಕೆಟ್ಟ ಮನಸ್ಸಿನಿಂದ ಎಂದೂ ಹೇಳಿದವರಲ್ಲ. ಹೆಂಡತಿಗೆ ಅವರು ಒಂದು ದಿನವೂ ಬೇಡ ಎಂದಿರಲಿಲ್ಲ. ಹೋಟೆಲಿನಲ್ಲಿ ಗಿರಾಕಿಗೆ ಇಲ್ಲ ಎನ್ನಬಾರದು, ಮುಗಿದುಹೋದ ತಿಂಡಿಯನ್ನು ಕೇಳಿದರೂ ಈಗ ಬಂತು, ನೋಡುವ ಎನ್ನಬೇಕು. ಆ ಪಾಠ ಮನೆಯವರೆಗೂ ಬಂದಿತ್ತು.

ಮೊದಲ ಸಲ ಮಾಳ್ಶೇಜಿನ ದಿನ ಗೊತ್ತುಮಾಡಿದಾಗ ಹರಿಶ್ಚಂದ್ರರ ಹೊಸ ಮನೆಯ ಒಕ್ಕಲು ಬಂತು. ಇನ್ನೊಂದು ಸಲ ಊರಿನಿಂದ ನೆಂಟರು ಬಂದರು, ಅವರಿಗೆ ಸಿದ್ಧಿವಿನಾಯಕ ತೋರಿಸಬೇಕಾಯಿತು. ಮತ್ತೊಂದು ಮಳೆಗಾಲದಲ್ಲಿ ಮೋಹನದಾಸರ ಮಂಡಿಗೆ ಆಪರೇಷನ್. ಆಗಲೂ ಸತ್ಯಭಾಮಾ, ಗುಡ್ಡ ಓಡಿಹೋಗುವುದಿಲ್ಲ ಎಂದು ತಾವೇ ಹೇಳಿ ಡಬ್ಬಿಯಲ್ಲಿ ತುಂಬಿದ್ದ ಚಕ್ಕುಲಿಯನ್ನು ನೆಂಟರಿಗೆ ಕೊಟ್ಟಿದ್ದರು. ಮನೆಗೆ ಬಂದು ಮಲ್ಲಿಕಾ ಬೈದರೆ, ಮುಂದಿನ ವರ್ಷ ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು. ಸಿಟ್ಟು ಬಂದಿದೆ ಎಂದು ಅವರ ಕಿವಿ ಕೆಂಪಾಗುವುದರಿಂದ ಗೊತ್ತಾಗುತ್ತಿತ್ತು.

ಈ ವರ್ಷ ಅವರು ಯಾರನ್ನೂ ಕೇಳಲಿಲ್ಲ. ಸೋಮವಾರ ಬೆಳಗ್ಗೆ ದೋಸೆ ಹೊಯ್ಯುತ್ತಾ ಸುದ್ದಿ ಓದುವವರ ಹಾಗೆ ಹೇಳಿದರು. "ಶನಿವಾರ ಐದು ಗಂಟೆಗೆ ಹೊರಡುದು. ಬೆಳಗ್ಗಿನ ಬೆಳಕು ಚಂದ ಅಂತೆ ಫೋಟೊಗೆ. ನಿಮ್ಮ ಊಟ ಮಾಡಿಟ್ಟು ಹೋಗ್ತೇನೆ."

"ಶನಿವಾರ ಅಣ್ಣ ಬರ್ತೇನೆ ಅಂದಿದ್ದ ಅಂತ ಕಾಣ್ತದೆ. ನೋಡುವ."

ಸತ್ಯಭಾಮಾ ಸಟ್ಟುಗವನ್ನು ಕಾವಲಿಯ ಮೇಲೆ ಬಡಿದರು. "ಈ ಸಲ ನೋಡುದು ಇಲ್ಲ. ಅಣ್ಣ ಬರ್ಲಿ, ಊರಿಗೆ ಊರೇ ಬರ್ಲಿ. ಶನಿವಾರ ನಾನು ಮನೆಯಲ್ಲಿಲ್ಲ ಅಂತ ಹೇಳಿ."

ಮೋಹನದಾಸರು ದೋಸೆಯ ಮೇಲಿನಿಂದ ತಲೆಯೆತ್ತಿದರು. ಹೆಂಡತಿಯ ಕಿವಿ ಕೆಂಪಾಗಿರಲಿಲ್ಲ. ಮುಖದಲ್ಲಿ ನಗುವಿತ್ತು.

"ನೀವೂ ಬನ್ನಿ," ಎಂದರು ಸತ್ಯಭಾಮಾ, ಇನ್ನೊಂದು ದೋಸೆ ಹಾಕುತ್ತಾ. "ಹಿಂದೆ ಫೋರ್ಥ್ ಸೀಟ್ ಉಂಟು. ಕೇಳಿದ್ರೆ ಅವರು ಸರೀತಾರೆ."

ಅದು ಏನು ಸೀಟು ಎಂದು ಮೋಹನದಾಸರು ಕೇಳಲಿಲ್ಲ. ಚಟ್ನಿ ಹಾಕು ಎಂದರು. ಅವತ್ತು ಸಂಜೆಯೇ ಸತ್ಯಭಾಮಾ ಎದೆ ಹಿಡಿದುಕೊಂಡು ಕೂತದ್ದು.

*

ಸ್ನಾನ ಮುಗಿಸಿ, ಗಂಜಿ ಉಂಡು, ಸಂಘದವರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದವರು ಕೆಲವರೇ. ಸತ್ಯಭಾಮಾರನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಮೂವರು ಹೆಂಗಸರೂ ಹೊರಡಲು ಎದ್ದರು; ಸ್ಟೇಷನ್ನಿಗೆ ಬಿಡುತ್ತೇನೆಂದು ನಿಕಿತಾ ಅವರನ್ನು ಕರೆದುಕೊಂಡು ಬಾಗಿಲ ಹತ್ತಿರ ಹೋದಳು. ಕಾರಿನ ಕೀಲಿ ಅವಳ ಮುಷ್ಟಿಯಲ್ಲಿತ್ತು.

"ಬಿಟ್ಟು ಬಂದು ಕೀಲಿ ನನ್ನ ಹತ್ತಿರ ಕೊಡು ಮಗಾ," ಎಂದರು ಹರಿಶ್ಚಂದ್ರರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಶನಿವಾರಕ್ಕೆ ನಾನು ಬೇರೆ ಡ್ರೈವರ್ ನೋಡ್ತೇನೆ. ನೀನು ಪನ್ವೇಲಿಗೆ ಬರುದೂ ಬೇಡ."

ನಿಕಿತಾ ಮುಷ್ಟಿ ಬಿಡಿಸಲಿಲ್ಲ. "ನಹೀ ದೂಂಗೀ."

"ಹಟ ಮಾಡ್ಬೇಡ. ಪ್ರಾಯ ಆದವರು, ಸಾವಿಗೆ ಅಂತ ಬರುವವರು, ಸ್ಟೇಷನ್ನಿನಲ್ಲಿ ನಿಲ್ಬೇಕಾ? ಮೋಹನಾ!"

ಮಲ್ಲಿಕಾ ಏನೋ ಹೇಳಲು ಬಾಯಿ ತೆರೆದರು. ಉಮಾವತಿ ಅವರ ಕೈ ಒತ್ತಿದರು. ಇದು ಅವರ ಮನೆಯ ಮಾತು, ಇಲ್ಲಿ ಕರವಸ್ತ್ರ ಎಸೆದು ಗೆಲ್ಲುವುದಕ್ಕಾಗುವುದಿಲ್ಲ. ಮೂವರೂ ನಿಕಿತಾಳನ್ನು ಕರೆದುಕೊಂಡು ಕೆಳಗಿಳಿದರು.

ಮೋಹನದಾಸರು ಗೋಡೆಗೆ ಒರಗಿ ಕೂತಿದ್ದವರು ಮಂಡಿ ಹಿಡಿದುಕೊಂಡು ಎದ್ದರು. ಕಪಾಟು ತೆರೆದು ಸೀರೆಗಳ ಹಿಂದಿನಿಂದ ಕ್ಯಾಮೆರಾ ತೆಗೆದು ಹೆಗಲಿಗೆ ಹಾಕಿಕೊಂಡರು. ಅದರ ಪಟ್ಟಿ ಹೆಂಡತಿಯ ಅಳತೆಗೆ ಇತ್ತು, ಕ್ಯಾಮೆರಾ ಕಂಕುಳಿಗೇ ಬಂದು ನಿಂತಿತು.

"ಅಣ್ಣ, ಪನ್ವೇಲಿನಿಂದ ಠಾಣೆಗೆ ಲೋಕಲ್ ಉಂಟು."

"ಎಂತ ಹೇಳ್ತಿ ನೀನು?"

"ಅಕ್ಕನವರು ಲೋಕಲಿನಲ್ಲಿ ಬರ್ಲಿ. ಬರುವಾಗ ಬಲಗಡೆ ಕೂತ್ಕೊಳ್ಳಿಕ್ಕೆ ಹೇಳಿ. ಗುಡ್ಡ ಕಾಣ್ತದೆ."

ಅರುವತ್ತು ದಾಟಿದ ತಮ್ಮ ಹರಿಶ್ಚಂದ್ರರ ಮಾತು ತೆಗೆದುಹಾಕಿದ್ದು ಇದೇ ಮೊದಲು. "ನೀನು ಎಲ್ಲಿಗೆ ಹೊರಟದ್ದು? ಕೊಳ್ಳಿ ಇಟ್ಟವನು ನೀನು. ಶನಿವಾರ ಬಂದವರು ಮೋಹನದಾಸ ಎಲ್ಲಿ ಅಂತ ಕೇಳಿದ್ರೆ, ಸಂಘದವರು ಕೇಳಿದ್ರೆ, ನಾನು ಎಂತ ಹೇಳುದು?"

"ಮನೆಯಲ್ಲಿಲ್ಲ ಅಂತ ಹೇಳಿ," ಎಂದರು ಮೋಹನದಾಸರು.

ಮೂರು ಮಹಡಿ ಇಳಿಯುವಷ್ಟರಲ್ಲಿ ಅವರು ಎರಡು ಸಲ ನಿಲ್ಲಬೇಕಾಯಿತು. ಕೆಳಗೆ ಕಾರು ಗೇಟಿನ ಕಡೆ ಮುಖ ಮಾಡಿ ನಿಂತಿತ್ತು. ನಿಕಿತಾ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತಿದ್ದಳು. ಹಿಂದೆ ಮೂವರು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಮೋಹನದಾಸರು ಮುಂದಿನ ಎಡಗಡೆಯ ಬಾಗಿಲು ತೆರೆದರು.

ಸೀಟಿನ ಮೇಲೆ ಒಂದು ಕರವಸ್ತ್ರ ಇತ್ತು. ಬಿಳಿಯದು, ಮೂಲೆಯಲ್ಲಿ ಹಳದಿ ಹೂವು. ಒಗೆದು ಒಗೆದು ಹೂವಿನ ದಾರ ಎದ್ದಿತ್ತು. ಅದು ಸತ್ಯಭಾಮಾರ ಆಫೀಸು ಚೀಲದಲ್ಲಿ ಇರುತ್ತಿದ್ದದ್ದು, ಮನೆಯಲ್ಲಿ ಬಳಸುತ್ತಿದ್ದದ್ದಲ್ಲ. ನಿಕಿತಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ತಾನೇ ಇಟ್ಟದ್ದನ್ನು ಅವಳು ತೆಗೆಯಲಿಲ್ಲ.

"ಕುಂದರ್ರಿ ಅಣ್ಣಾರ, ಮುಂದ ಖಾಲಿ ಐತಿ," ಎಂದರು ಮಲ್ಲಿಕಾ ಹಿಂದಿನಿಂದ.

"ಖಾಲಿ ಇಲ್ಲ. ಹಿಡಿದದ್ದು," ಎಂದರು ಮೋಹನದಾಸರು.

ಬಾಗಿಲನ್ನು ಮೆಲ್ಲನೆ ಮುಚ್ಚಿದರು. ಹಿಂದಿನ ಬಾಗಿಲ ಬಳಿಗೆ ಬಂದು ಅದನ್ನು ತೆರೆದು, ಬಗ್ಗಿ ಒಳಗೆ ನೋಡಿದರು. ಮೇಲಿನಿಂದ, ಬಾಲ್ಕನಿಯ ಗ್ರಿಲ್ಲಿನ ಹಿಂದಿನಿಂದ, ಹರಿಶ್ಚಂದ್ರರು ಮೋಹನಾ, ಮೋಹನಾ ಎಂದು ಕರೆಯುತ್ತಿದ್ದರು.

"ಸ್ವಲ್ಪ ಸರೀತೀರಾ?" ಎಂದು ಮೋಹನದಾಸರು ಕೇಳಿದರು. "ಫೋರ್ಥ್ ಸೀಟ್ ಸಾಕು ನನಗೆ. ಇವತ್ತು ಸ್ಟೇಷನ್ನಿನವರೆಗೆ ಬರ್ತೇನೆ. ಶನಿವಾರಕ್ಕೆ ಅಭ್ಯಾಸ ಆಗ್ಬೇಕಲ್ಲ."

ಮೂವರೂ ಸರಿದರು. ಮೋಹನದಾಸರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನ ತುದಿಗೆ ಅರ್ಧ ಸೊಂಟ ಆನಿಸಿ, ಹೊರಗಿದ್ದ ಕಾಲನ್ನು ಎರಡು ಕೈಯಿಂದ ಎತ್ತಿ ಒಳಗೆ ತಂದರು. ಬಾಗಿಲು ಎಳೆದರೆ ಮುಚ್ಚಲಿಲ್ಲ. ಮತ್ತೊಮ್ಮೆ ಎಳೆದರು, ಆಗಲೂ ಮುಚ್ಚಲಿಲ್ಲ.

"ಉಸಿರು ಎಳ್ಕೊಳ್ಳಿ," ಎಂದರು ಉಮಾವತಿ.

ನಾಲ್ವರೂ ಒಟ್ಟಿಗೆ ಉಸಿರು ಎಳೆದುಕೊಂಡರು. ಬಾಗಿಲು ಮುಚ್ಚಿತು.